ಹಳೆಯ ಪುಸ್ತಕ, ಹೊಸ ಲೆಕ್ಕ

ಪ್ರಶ್ನೆ: ನಮ್ಮ ಹಾಲು ಉತ್ಪಾದಕರ ಸಂಘದಲ್ಲಿ ಕಂಪ್ಯೂಟರ್ ಲೆಕ್ಕ ಆರಂಭಿಸಿ ವರ್ಷವಾದರೂ ಸಿಬ್ಬಂದಿ ಹಳೆಯ ಪುಸ್ತಕವನ್ನೇ ನಂಬುತ್ತಾರೆ. ಅಧ್ಯಕ್ಷನಾಗಿ ನಾನೇನು ಮಾಡಲಿ?

ಉತ್ತರ: ನಮ್ಮ ರಾಜ್ಯದ ‘ಭೂಮಿ’ ಯೋಜನೆಯನ್ನು ನೆನಪಿಸಿಕೊಳ್ಳಿ. ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಪಹಣಿಗಳನ್ನು (ಜಮೀನಿನ ದಾಖಲೆಗಳನ್ನು) ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ರೈತರ ಕೈಸೇರುವಂತೆ ಮಾಡಿದ ಸರ್ಕಾರ, ಕೈಬರಹದ ಪಹಣಿಯ ಮಾನ್ಯತೆಯನ್ನೇ ರದ್ದುಪಡಿಸಿತು. ಹಳೆಯ ದಾರಿ ತೆರೆದೇ ಇದ್ದಿದ್ದರೆ ಹೊಸದು ನೆಲೆಯೂರುತ್ತಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಅದಕ್ಕೆ ಮೊದಲು ನಮೂದುಗಳನ್ನು ಆ ಲೆಕ್ಕಿಗರಿಂದಲೇ ತಾಳೆ ನೋಡಿಸಲಾಗಿತ್ತು. ನೀವೂ ಹಾಲು ಅಳೆಯುವ ಹಿರಿಯ ಸಿಬ್ಬಂದಿಯಿಂದಲೇ ಒಂದು ಬಟವಾಡೆಯ ಅವಧಿಗೆ ಎರಡೂ ಲೆಕ್ಕಗಳನ್ನು ತಾಳೆ ಮಾಡಿಸಿ, ತಪ್ಪುಗಳನ್ನು ತಿದ್ದಿಸಿ, ಬಳಿಕ ಪುಸ್ತಕವನ್ನು ಬೀರುವಿನಲ್ಲಿಡಿ. ಯಂತ್ರ ಕೆಟ್ಟ ದಿನ ಯಾರು ಏನು ಮಾಡಬೇಕೆಂಬುದನ್ನು ಗೋಡೆಯ ಮೇಲೆ ಬರೆಸಿ. ಮುಂದಿನ ಅಧ್ಯಕ್ಷರಿಗೂ ಅದು ಬೇಕಾಗುತ್ತದೆ.