ಜನವರಿಯಲ್ಲಿ ಸೇರುವವರು ಆಗಸ್ಟ್‌ನವರನ್ನು ಸರಿಗಟ್ಟಲು ಹೋಗಬಾರದು

ವೀಸಾ ಸಂದರ್ಶನದ ದಿನ ತಡವಾಗಿ ಸಿಕ್ಕಿ ಆಗಸ್ಟ್ ಪ್ರವೇಶ ಜನವರಿಗೆ ಹೋಯಿತು, ಗೆಳೆಯರೆಲ್ಲ ಆಗಲೇ ಅಮೆರಿಕ ಸೇರಿದ್ದಾರೆ, ಮೊದಲ ಸೆಮಿಸ್ಟರಿನಲ್ಲೇ ಹೆಚ್ಚು ಕೋರ್ಸ್ ತೆಗೆದುಕೊಂಡು ಅವರ ಜೊತೆಗೇ ಎಂ.ಎಸ್. ಮುಗಿಸಬಹುದೇ ಅಥವಾ ಮುಂದಿನ ಆಗಸ್ಟ್‌ವರೆಗೆ ಕಾಯಬೇಕೇ ಎಂದು ಕೇಳಿದ್ದೀರಿ. ಊರಿನ ಹೆಸರೊಂದನ್ನು ಬದಲಿಸಿದರೆ ಇದು ನನ್ನದೇ ಕಥೆ. ಗದಗಿನಲ್ಲಿ ಬೆಳೆದು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮುಗಿಸಿದ ನಾನು ಓಹಾಯೋ ರಾಜ್ಯದ ಒಂದು ವಿಶ್ವವಿದ್ಯಾಲಯಕ್ಕೆ ಕಂಪ್ಯೂಟರ್ ಸೈನ್ಸ್ ಓದಲು ಹೋದದ್ದು ಇಂಥದೇ ಜನವರಿಯಲ್ಲಿ, ಮತ್ತು ಹೋಗುವಾಗ ತಲೆಯಲ್ಲಿದ್ದ ಲೆಕ್ಕವೂ ಇದೇ ಆಗಿತ್ತು.

ನಮ್ಮ ಎಂ.ಎಸ್.ಗೆ 30 ಕ್ರೆಡಿಟ್ ಬೇಕಿತ್ತು, ಅಂದರೆ ತಲಾ 3 ಕ್ರೆಡಿಟ್‌ನ 10 ಕೋರ್ಸ್‌ಗಳು. ಸಾಮಾನ್ಯವಾಗಿ ಎಲ್ಲರೂ ಸೆಮಿಸ್ಟರಿಗೆ ಮೂರು ಕೋರ್ಸ್ ತೆಗೆದುಕೊಳ್ಳುತ್ತಾರೆ. ನಾನು ಮೊದಲ ಸೆಮಿಸ್ಟರಿನಲ್ಲಿ ನಾಲ್ಕು, ನಂತರದ ಎರಡರಲ್ಲಿ ಮೂರು ಮೂರು ತೆಗೆದುಕೊಂಡರೆ ಮರುವರ್ಷದ ಮೇ ತಿಂಗಳಿಗೆ, ನನಗಿಂತ ಮೊದಲು ಬಂದ ಗೆಳೆಯರ ಜೊತೆಗೇ ಪದವಿ ಪಡೆಯಬಹುದು, ಒಂದು ಸೆಮಿಸ್ಟರಿನ ಬಾಡಿಗೆ ಮತ್ತು ಊಟದ ಖರ್ಚೂ ಉಳಿಯುತ್ತದೆ ಎಂದು ಅಪ್ಪನಿಗೆ ವಿವರಿಸಿ ಒಪ್ಪಿಸಿದ್ದೆ. ಮನೆಯ ಪತ್ರ ಅಡವಿಟ್ಟು ತೆಗೆದ ಶಿಕ್ಷಣ ಸಾಲಕ್ಕೆ ಬಡ್ಡಿ ಏರುತ್ತಿದ್ದುದರಿಂದ ಅವರಿಗೂ ಅದು ಸರಿಯೆನಿಸಿತು.

ಫೆಬ್ರವರಿಯಲ್ಲಿ ಕ್ಯಾಂಪಸ್‌ನಲ್ಲಿ ಉದ್ಯೋಗ ಮೇಳ ನಡೆದಾಗ ಆಗಸ್ಟ್‌ನಲ್ಲಿ ಬಂದವರ ಜೊತೆ ನಾನೂ ಸಾಲಿನಲ್ಲಿ ನಿಂತೆ. ಮಿಷಿಗನ್‌ನ ಒಂದು ಕಂಪನಿ ಸಂದರ್ಶನ ಮಾಡಿ, ಬೇಸಿಗೆಯ ಇಂಟರ್ನ್‌ಶಿಪ್‌ಗೆ ಏಪ್ರಿಲ್‌ನಲ್ಲಿ ಪತ್ರ ಕಳಿಸಿತು. ಒಪ್ಪಿಗೆ ಬರೆದೆ, ಮನೆಗೆ ತಿಳಿಸಿದೆ, ಆಮೇಲೆ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ಇಂಟರ್ನ್‌ಶಿಪ್‌ಗೆ ಬೇಕಾದ ಸಿಪಿಟಿ ಎಂಬ ಕೆಲಸದ ಅನುಮತಿ ಕೇಳಿದೆ. ಅಲ್ಲಿನ ಸಲಹೆಗಾರರು ನನ್ನ ಐ-20, ಅಂದರೆ ವೀಸಾಗಾಗಿ ವಿಶ್ವವಿದ್ಯಾಲಯ ಕೊಡುವ ಪ್ರವೇಶ ಪತ್ರದ ಎರಡನೆಯ ಪುಟವನ್ನು ತಿರುಗಿಸಿ, ಕೆಲಸದ ಅನುಮತಿ ನಮೂದಾಗುವ ಖಾಲಿ ಜಾಗದ ಮೇಲೆ ಪೆನ್ನಿನ ತುದಿ ಇಟ್ಟು, ಈ ಬೇಸಿಗೆಯಲ್ಲಿ ಇಲ್ಲಿ ಏನನ್ನೂ ನಮೂದಿಸಲು ನನಗೆ ಅಧಿಕಾರವಿಲ್ಲ ಎಂದರು.

ಈ ನಿಯಮವನ್ನು ದಯವಿಟ್ಟು ಎರಡು ಸಲ ಓದಿ. ಸಿಪಿಟಿ ಎಂದರೆ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರು ಓದಿನ ಭಾಗವಾಗಿ ಹೊರಗಿನ ಕಂಪನಿಯಲ್ಲಿ ಕೆಲಸ ಮಾಡಲು ವಿಶ್ವವಿದ್ಯಾಲಯದ ಮೂಲಕ ಪಡೆಯುವ ಅನುಮತಿ. ಸಂಬಳದ ಇಂಟರ್ನ್‌ಶಿಪ್‌ಗೆ ನಮ್ಮವರೆಲ್ಲ ಬಳಸುವುದು ಇದನ್ನೇ. ಅದಕ್ಕೆ ಅರ್ಹತೆ ಬರಬೇಕಾದರೆ ವಿದ್ಯಾರ್ಥಿ ಪೂರ್ಣಾವಧಿಯಾಗಿ ಒಂದು ಇಡೀ ಶೈಕ್ಷಣಿಕ ವರ್ಷ ಓದಿರಬೇಕು. ಸೆಮಿಸ್ಟರ್ ಪದ್ಧತಿಯಲ್ಲಿ ಹಾಗೆಂದರೆ ಎರಡು ಸೆಮಿಸ್ಟರ್. ಆಗಸ್ಟ್‌ನಲ್ಲಿ ಬಂದವನು ಮೇ ತಿಂಗಳಿಗೆ ಎರಡು ಸೆಮಿಸ್ಟರ್ ಮುಗಿಸಿರುತ್ತಾನೆ, ಹಾಗಾಗಿ ಮೊದಲ ಬೇಸಿಗೆಯ ಬಾಗಿಲು ಅವನಿಗೆ ತೆರೆದಿರುತ್ತದೆ. ಜನವರಿಯಲ್ಲಿ ಬಂದವನು ಅದೇ ಮೇ ತಿಂಗಳಿಗೆ ಮುಗಿಸಿರುವುದು ಒಂದೇ ಸೆಮಿಸ್ಟರ್. ನಾಲ್ಕು ಕೋರ್ಸ್ ತೆಗೆದುಕೊಂಡಿದ್ದರೂ ಅದು ಒಂದೇ ಸೆಮಿಸ್ಟರ್. ಇಲ್ಲಿ ನೋಡುವುದು ಓದಿದ ಅವಧಿಯನ್ನೇ ಹೊರತು ಕ್ರೆಡಿಟ್‌ಗಳನ್ನಲ್ಲ. ಕೋರ್ಸ್ ನಡೆಯುತ್ತಿರುವಾಗಲೇ ಓಪಿಟಿ, ಅಂದರೆ ಓದಿದ ವಿಷಯದಲ್ಲೇ ಕೆಲಸ ಮಾಡಲು ವಲಸೆ ಇಲಾಖೆ ಕೊಡುವ ಅನುಮತಿ, ತೆಗೆದುಕೊಂಡು ಕೆಲಸಕ್ಕೆ ಹೋಗೋಣವೆಂದರೆ ಅದಕ್ಕೂ ಇದೇ ಒಂದು ವರ್ಷದ ಷರತ್ತಿದೆ. ಸಿಪಿಟಿಯ ಷರತ್ತಿನಿಂದ, ಪಠ್ಯಕ್ರಮವೇ ಆರಂಭದಿಂದ ಕಡ್ಡಾಯ ತರಬೇತಿ ಕೇಳುವ ಸ್ನಾತಕೋತ್ತರ ವಿಭಾಗಗಳಿಗೆ ಮಾತ್ರ ವಿನಾಯಿತಿಯುಂಟು, ನಮ್ಮದು ಅಂಥ ವಿಭಾಗವಾಗಿರಲಿಲ್ಲ. ಈ ವಿನಾಯಿತಿಯನ್ನೇ ತೋರಿಸಿ ಮೊದಲ ದಿನದಿಂದಲೇ ಸಿಪಿಟಿ ಕೊಡಿಸುತ್ತೇವೆ ಎಂದು ಕರೆಯುವ ಕಾಲೇಜುಗಳ ಕಡೆ ನೀವು ತಲೆ ಹಾಕಲೂಬಾರದು; ಮುಂದೆ ವೀಸಾ ಬದಲಿಸುವಾಗ ಆ ದಾಖಲೆಯೇ ಪ್ರಶ್ನೆಗಳನ್ನು ಎಬ್ಬಿಸಬಹುದು.

ನಾನು ಯಾರನ್ನೂ ಕೇಳದೆ ಮುನ್ನುಗ್ಗಿದವನಲ್ಲ ಎಂಬುದನ್ನೂ ಹೇಳಬೇಕು. ಸೀನಿಯರ್‌ಗಳನ್ನು ಕೇಳಿದ್ದೆ, ಆಫರ್ ಬಂದ ಮೇಲೆ ಅರ್ಜಿ ಹಾಕು, ಕೆಲವೇ ದಿನಗಳಲ್ಲಿ ಆಗುತ್ತದೆ ಎಂದು ಎಲ್ಲರೂ ಒಂದೇ ಮಾತು ಹೇಳಿದ್ದರು. ಅವರ ಮಾತು ಸುಳ್ಳಲ್ಲ, ಆದರೆ ಅವರೆಲ್ಲರೂ ಆಗಸ್ಟ್‌ನಲ್ಲಿ ಬಂದವರು. ಜನವರಿಯಲ್ಲಿ ಬಂದ ಒಬ್ಬರನ್ನಾದರೂ ಹುಡುಕಿ ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಕಚೇರಿಗೆ ಏಪ್ರಿಲ್‌ನಲ್ಲಿ ಹೋದವನು ಜನವರಿಯ ಓರಿಯೆಂಟೇಶನ್ ದಿನವೇ ಐದು ನಿಮಿಷ ನಿಂತು ಕೇಳಿದ್ದರೆ ಸಾಕಿತ್ತು. ಕಂಪನಿಯ ಅರ್ಜಿಯಲ್ಲಿ, ಬೇಸಿಗೆಯಲ್ಲಿ ಕೆಲಸ ಮಾಡಲು ನಿಮಗೆ ಕಾನೂನಿನ ಅನುಮತಿ ಇರುತ್ತದೆಯೇ ಎಂಬ ಪ್ರಶ್ನೆಗೆ ಹೌದು ಎಂದು ಗುರುತು ಹಾಕಿದ್ದೆ. ಅದನ್ನು ಹಿಂತೆಗೆದುಕೊಂಡು ಪತ್ರ ಬರೆಯಬೇಕಾಯಿತು. ಅವರು ಆ ಜಾಗವನ್ನು ಬೇರೆಯವರಿಗೆ ಕೊಟ್ಟರು. ಮರುವರ್ಷ ಮತ್ತೆ ಅರ್ಜಿ ಹಾಕಿದಾಗ ಕರೆಯಲೂ ಇಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಅರ್ಥವಾಯಿತು. ಮೂರೇ ಸೆಮಿಸ್ಟರಿನಲ್ಲಿ ಮುಗಿಸುವ ನನ್ನ ಯೋಜನೆಯಲ್ಲಿ ನಡುವೆ ಬರುತ್ತಿದ್ದದ್ದು ಒಂದೇ ಬೇಸಿಗೆ, ಮತ್ತು ಅದು ನನಗೆ ಮುಚ್ಚಿದ್ದ ಬೇಸಿಗೆ. ಗೆಳೆಯರ ಜೊತೆ ಮುಗಿಸುವ ಹಟದಲ್ಲಿ, ಇಂಟರ್ನ್‌ಶಿಪ್ ಮಾಡದೆಯೇ ಕೆಲಸ ಹುಡುಕಬೇಕಾದ ಸ್ಥಿತಿಯನ್ನು ನಾನೇ ತಂದುಕೊಂಡಿದ್ದೆ. ನಾಲ್ಕು ಕೋರ್ಸ್‌ಗಳ ಭಾರಕ್ಕೆ ಅಂಕಗಳೂ ಇಳಿದಿದ್ದವು, ಏಕೆಂದರೆ ಅವುಗಳಲ್ಲಿ ಎರಡು, ಆಗಸ್ಟ್‌ನಲ್ಲಿ ನಡೆಯುವ ಮೊದಲ ಭಾಗವನ್ನು ಓದಿದವರಿಗಾಗಿ ರೂಪಿಸಿದ ಎರಡನೆಯ ಭಾಗಗಳಾಗಿದ್ದವು. ಆ ಬೇಸಿಗೆ ಕ್ಯಾಂಪಸ್ಸಿನ ಒಂದು ಪ್ರಯೋಗಾಲಯದಲ್ಲಿ ಗಂಟೆಗಳ ಲೆಕ್ಕದ ಕೆಲಸ ಮಾಡಿ, ಉಳಿದ ಓದನ್ನು ಮರುವರ್ಷದ ಡಿಸೆಂಬರ್‌ವರೆಗೆ ಹರಡಿಕೊಂಡೆ. ಐ-20ಯಲ್ಲಿ ಎರಡು ವರ್ಷದ ಅವಧಿಯೇ ಇದ್ದುದರಿಂದ ಅದಕ್ಕೆ ಹೊಸ ಅನುಮತಿ ಬೇಕಾಗಲಿಲ್ಲ. ಎರಡನೆಯ ಬೇಸಿಗೆಯ ಇಂಟರ್ನ್‌ಶಿಪ್ ಸಿಕ್ಕಿತು, ಈಗಿನ ನನ್ನ ಕೆಲಸ ಅಲ್ಲಿಂದಲೇ ಬಂದದ್ದು.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡದಲ್ಲಿರುವ ಭಾವನೆಯನ್ನೇ ನಾನು ಒಪ್ಪುವುದಿಲ್ಲ. ನೀವು ಹಿಂದೆ ಬಿದ್ದಿಲ್ಲ. ನಮ್ಮ ಕಡೆಯ ಎರೆಭೂಮಿಯಲ್ಲಿ ಹಿಂಗಾರಿಗೆ ಜೋಳ, ಕಡಲೆ ಬಿತ್ತುವವರು ಮುಂಗಾರಿನ ಹೆಸರುಕಾಳು ಬೆಳೆದವರನ್ನು ಸರಿಗಟ್ಟಲು ಓಡುವುದಿಲ್ಲ, ಅವರ ಹಂಗಾಮೇ ಬೇರೆ. ಲೆಕ್ಕ ಹಾಕಿ ನೋಡಿ: ಆಗಸ್ಟ್‌ನಲ್ಲಿ ಬಂದು ಎರಡು ವರ್ಷಕ್ಕೆ ಮೇ ತಿಂಗಳಲ್ಲಿ ಮುಗಿಸುವವರಿಗೆ ನಡುವೆ ಸಿಗುವುದು ಒಂದೇ ಬೇಸಿಗೆ. ಜನವರಿಯಲ್ಲಿ ಬಂದು ಮರುವರ್ಷದ ಡಿಸೆಂಬರ್‌ನಲ್ಲಿ ಮುಗಿಸುವವರಿಗೆ ಎರಡು ಬೇಸಿಗೆ ಸಿಗುತ್ತವೆ, ಒಂದು ಮುಚ್ಚಿರುತ್ತದೆ, ಇನ್ನೊಂದು ತೆರೆದಿರುತ್ತದೆ. ಬಳಕೆಗೆ ಬರುವುದು ಇಬ್ಬರಿಗೂ ಒಂದೊಂದೇ. ಆ ಒಂದು ಬೇಸಿಗೆಯ ನೇಮಕಾತಿಗೆ ದೊಡ್ಡ ಕಂಪನಿಗಳು ಹಿಂದಿನ ವರ್ಷದ ಸೆಪ್ಟೆಂಬರ್‌ನಲ್ಲೇ ಕ್ಯಾಂಪಸ್ಸಿಗೆ ಬರುತ್ತವೆ. ಆಗಸ್ಟ್‌ನವರು ಬಂದ ಹೊಸದರಲ್ಲೇ ಆ ಮೇಳವನ್ನು ಎದುರಿಸುತ್ತಾರೆ, ನೀವು ಒಂದು ಸೆಮಿಸ್ಟರ್ ಓದಿ ಎದುರಿಸುತ್ತೀರಿ. ಈ ಅನುಕೂಲವನ್ನು ಗೆಳೆಯರ ಜೊತೆ ಫೋಟೋ ತೆಗೆಸಿಕೊಳ್ಳುವುದಕ್ಕಾಗಿ ಬಿಟ್ಟುಕೊಡಬೇಡಿ.

ಮುಂದಿನ ಆಗಸ್ಟ್‌ವರೆಗೆ ಕಾಯುವ ಮಾತಿಗೆ ನನ್ನ ಉತ್ತರ ಇಷ್ಟೇ: ಕೋರ್ಸ್‌ಗಳ ಕ್ರಮ ಹೊಂದದಿದ್ದರೆ ಮಾತ್ರ ಕಾಯಿರಿ. ಟಿಕೆಟ್ ಕೊಳ್ಳುವ ಮೊದಲು ವಿಭಾಗಕ್ಕೆ ಇಮೇಲ್ ಬರೆದು, ಜನವರಿಯಲ್ಲಿ ಸೇರಿದವರಿಗೆ ನಾಲ್ಕು ಸೆಮಿಸ್ಟರಿನ ಕೋರ್ಸ್ ಪಟ್ಟಿ ಹೇಗಿರುತ್ತದೆ, ಯಾವ ಕೋರ್ಸ್‌ಗಳು ಆಗಸ್ಟ್‌ನಲ್ಲಿ ಮಾತ್ರ ನಡೆಯುತ್ತವೆ ಎಂದು ಕೇಳಿ. ಲಿಖಿತ ಉತ್ತರ ಬರದಿದ್ದರೆ, ಅಥವಾ ಮೂಲ ಕೋರ್ಸ್‌ಗಳೆಲ್ಲ ಆಗಸ್ಟ್‌ನಲ್ಲೇ ಇದ್ದರೆ, ಪ್ರವೇಶವನ್ನು ಮುಂದೂಡಿಸಿ ಹೊಸ ದಿನಾಂಕದ ಐ-20 ತರಿಸಿಕೊಳ್ಳಿ. ಐ-20 ಮೇಲಿರುವ ಸೆವಿಸ್ ಸಂಖ್ಯೆ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆಯ ಸಂಖ್ಯೆ) ಬದಲಾಗದಿದ್ದರೆ ಈಗಾಗಲೇ ಕಟ್ಟಿದ 350 ಡಾಲರ್ ಸೆವಿಸ್ ಶುಲ್ಕವನ್ನು ಮತ್ತೆ ಕಟ್ಟಬೇಕಾಗಿಲ್ಲ.

ಹೋಗುವುದಾದರೆ ಬಾಡಿಗೆ ಮನೆಯ ಚಿಂತೆ ಹೆಚ್ಚು ಬೇಡ. ವಿಶ್ವವಿದ್ಯಾಲಯದ ಊರುಗಳಲ್ಲಿ ಬಾಡಿಗೆ ಕರಾರು ಹೆಚ್ಚಾಗಿ ಆಗಸ್ಟ್‌ನಿಂದ ಆಗಸ್ಟ್‌ಗೆ ಇರುತ್ತದೆ, ಡಿಸೆಂಬರ್‌ನಲ್ಲಿ ಮುಗಿಸಿ ಹೋಗುವವರು ಉಳಿದ ತಿಂಗಳುಗಳಿಗೆ ಜನ ಹುಡುಕುತ್ತಿರುತ್ತಾರೆ, ಮಾಲೀಕರ ಲಿಖಿತ ಒಪ್ಪಿಗೆ ಇದ್ದರೆ ಅದನ್ನು ಹಿಡಿಯಿರಿ. ಕೊನೆಯ ಸೆಮಿಸ್ಟರಿನ ಕೆಲಸವೊಂದನ್ನು ಮಾತ್ರ ಈಗಲೇ ಬರೆದಿಟ್ಟುಕೊಳ್ಳಿ. ಓದು ಮುಗಿದ ನಂತರದ ಓಪಿಟಿಗೆ ಕೋರ್ಸ್ ಮುಗಿಯುವ 90 ದಿನ ಮೊದಲೇ ಅರ್ಜಿ ಹಾಕಬಹುದು, ಡಿಸೆಂಬರ್‌ನವರಿಗೆ ಅದು ಸೆಪ್ಟೆಂಬರ್‌ನಲ್ಲಿ ಬರುತ್ತದೆ. ಕೆಲಸದ ಆರಂಭದ ದಿನವನ್ನು ಕೋರ್ಸ್ ಮುಗಿದ 60 ದಿನದೊಳಗೆ ನೀವೇ ಆರಿಸಬಹುದು. ಕೆಲಸವಿಲ್ಲದೆ ಕಳೆಯಬಹುದಾದ ಒಟ್ಟು 90 ದಿನಗಳ ಎಣಿಕೆ ಆ ದಿನದಿಂದ ಶುರುವಾಗುತ್ತದೆ, ಮತ್ತು ವರ್ಷದ ಕೊನೆಯ ರಜೆಯಲ್ಲಿ ಹೆಚ್ಚಿನ ಕಂಪನಿಗಳು ಸಂದರ್ಶನಕ್ಕೆ ಕರೆಯುವುದಿಲ್ಲವಾದ್ದರಿಂದ, ಕೈಯಲ್ಲಿ ಆಫರ್ ಇಲ್ಲದಿದ್ದರೆ ಆ 60 ದಿನದೊಳಗೆ ಬರುವ ಫೆಬ್ರವರಿಯ ದಿನವನ್ನೇ ಬರೆಯಿರಿ.