ರಾಜ್ಯಶಾಸ್ತ್ರದ ಪ್ರಬಂಧಕ್ಕೆ ಲೈಬ್ರರಿಯಲ್ಲಿ ಪುಸ್ತಕ ಹುಡುಕುವುದು ಹೇಗೆ?

ಎಂ.ಎ. ಪ್ರಬಂಧಕ್ಕೆ ಕರ್ನಾಟಕದ ಪಂಚಾಯತ್ ರಾಜ್ ವಿಷಯ ತೆಗೆದುಕೊಂಡಿದ್ದೀರಿ, ವಿಶ್ವವಿದ್ಯಾಲಯದ ಲೈಬ್ರರಿ ಕಂಪ್ಯೂಟರಿನಲ್ಲಿ ಹುಡುಕಿದರೆ ಮೂರೇ ಪುಸ್ತಕ ಬಂದವು ಎಂದಿದ್ದೀರಿ. ಪುಸ್ತಕಗಳು ಇರುತ್ತವೆ. ನೀವು ಹುಡುಕಿದ ಹೆಸರಿನಲ್ಲಿ ಇಲ್ಲ, ಅಷ್ಟೇ.

ಮೊದಲು ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಪುಸ್ತಕ, ವರದಿಗಳು ಹೆಚ್ಚಾಗಿ ‘ಮೈಸೂರು’ ಎಂದೇ ದಾಖಲಾಗಿರುತ್ತವೆ. 1983ರ ಕಾಯ್ದೆಯ ಕಾಲದ ಬರಹಗಳಲ್ಲಿ ಸಿಗುವುದು ‘ಮಂಡಲ ಪಂಚಾಯಿತಿ’, ‘ಜಿಲ್ಲಾ ಪರಿಷತ್ತು’. ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿ ಎಂಬ ಮೂರು ಹಂತ 1993ರ ಕಾಯ್ದೆಯಿಂದ ಬಂದದ್ದು. ಇಂಗ್ಲಿಷಿನಲ್ಲಿ ಹುಡುಕುವಾಗ ‘ಪಂಚಾಯತ್’, ‘ಪಂಚಾಯತಿ’ ಎರಡರ ಸ್ಪೆಲಿಂಗೂ ಹಾಕಿ ನೋಡಿ. ‘ಲೋಕಲ್ ಗವರ್ನ್‌ಮೆಂಟ್’, ‘ಡಿಸೆಂಟ್ರಲೈಸೇಶನ್’ ಕೂಡ. ಕನ್ನಡ ಪುಸ್ತಕಗಳದ್ದು ಬೇರೆಯೇ ತಾಪತ್ರಯ. ಎಷ್ಟೋ ಕಡೆ ಅವುಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ, ನಮೂದಿಸಿದವರಿಗೆ ತೋಚಿದ ಹಾಗೆ ಬರೆದಿರುತ್ತಾರೆ. ಆಗ ಶೀರ್ಷಿಕೆ ಬಿಟ್ಟು ಲೇಖಕರ ಹೆಸರಿನ ಒಂದೇ ಭಾಗ ಕೊಟ್ಟು ಹುಡುಕಿದರೆ ಬೇಗ ಸಿಗುತ್ತದೆ.

ಇನ್ನು ಕಪಾಟಿನ ಸಂಖ್ಯೆ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯ ಲೈಬ್ರರಿಯಾದರೆ ರಾಜ್ಯಶಾಸ್ತ್ರದ 320ರ ಸಾಲಿನಲ್ಲಷ್ಟೇ ನಿಂತು ವಾಪಸ್ ಬರಬೇಡಿ. ಸ್ಥಳೀಯ ಸರ್ಕಾರದ ಹಳೆಯ ಪುಸ್ತಕಗಳು 352ರಲ್ಲಿವೆ. ಪದ್ಧತಿ ಪರಿಷ್ಕರಣೆಯಾದ ಮೇಲೆ ಬಂದವು 320.8 ಮತ್ತು 352.14ಕ್ಕೆ ಹಂಚಿಹೋಗಿವೆ. ಗ್ರಾಮೀಣಾಭಿವೃದ್ಧಿಯ ಕಡೆಯಿಂದ ಬರೆದವು 307ರಲ್ಲಿ, ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿಯ ಕಾನೂನು ಚರ್ಚೆ 342ರಲ್ಲಿ, ಚುನಾವಣೆಯದು 324ರಲ್ಲಿ. ಒಂದೇ ವಿಷಯ, ಐದಾರು ಕಪಾಟು. ಸಂಖ್ಯೆ ಓದುವಾಗ ಎಡವುವವರೂ ಬಹಳ: 954 ದೊಡ್ಡದು, 96 ಚಿಕ್ಕದು ಅಂದುಕೊಂಡು 320.954 ಅನ್ನು 320.96ರ ಆಚೆ ಹುಡುಕುತ್ತಾರೆ. ಚುಕ್ಕಿಯ ನಂತರ ಒಂದೊಂದೇ ಅಂಕಿ ಹೋಲಿಸಬೇಕು. 9 ಎರಡರಲ್ಲೂ ಇದೆ, ಮುಂದಿನ 5 ಎಂಬುದು 6ಕ್ಕಿಂತ ಮೊದಲು, ಹಾಗಾಗಿ 320.954 ಈಚೆಗೇ ಇರುತ್ತದೆ.

ಸಂಖ್ಯೆಯ ಬದಲು ಇಂಗ್ಲಿಷ್ ಅಕ್ಷರದಿಂದ ಶುರುವಾದರೆ ಅದು ಸಾಮಾನ್ಯವಾಗಿ ಗ್ರಂಥಾಲಯ ವಿಜ್ಞಾನಿ ರಂಗನಾಥನ್ ಅವರ ಕೋಲನ್ ಪದ್ಧತಿ. ಅಲ್ಲಿ ರಾಜ್ಯಶಾಸ್ತ್ರಕ್ಕೆ ‘ಡಬ್ಲ್ಯೂ’. ಆದರೆ ಭಾರತದ ಆಡಳಿತ, ಸಂವಿಧಾನದ ಬಗೆಗಿನ ಅನೇಕ ಪುಸ್ತಕಗಳು ಇತಿಹಾಸದ ‘ವಿ 44’ರಲ್ಲಿ ಕೂತಿರುತ್ತವೆ. ಎರಡೂ ಕಡೆ ನೋಡಿ.

ಒಂದು ಒಳ್ಳೆಯ ಪುಸ್ತಕ ಕೈಗೆ ಸಿಕ್ಕಿತೆನ್ನಿ. ಕ್ಯಾಟಲಾಗಿನಲ್ಲಿ ಅದರ ಪೂರ್ಣ ವಿವರ ತೆರೆದು, ‘ಸಬ್ಜೆಕ್ಟ್’ ಎಂದಿರುವ ಸಾಲನ್ನು ಒತ್ತಿ. ಅದೇ ವಿಷಯದಡಿ ನಮೂದಾದ ಉಳಿದವೆಲ್ಲ ಒಟ್ಟಿಗೆ ಬರುತ್ತವೆ. ನನ್ನ ಪ್ರಕಾರ ಇಡೀ ಕ್ಯಾಟಲಾಗಿನಲ್ಲಿ ಇಷ್ಟು ಉಪಯೋಗದ ಜಾಗ ಇನ್ನೊಂದಿಲ್ಲ, ಅದನ್ನು ಮುಟ್ಟುವವರೇ ಕಡಿಮೆ.

ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳಿರುವ ಶೋಧಗಂಗಾ ಜಾಲತಾಣವನ್ನು ಬರೀ ಓದಲು ಬಳಸಬೇಡಿ. ನಿಮ್ಮ ವಿಷಯದ್ದೇ ಎರಡು ಪಿಎಚ್‌.ಡಿ. ಪ್ರಬಂಧ ಆರಿಸಿ. ಅಲ್ಲಿ ಅಧ್ಯಾಯಕ್ಕೊಂದು ಪಿಡಿಎಫ್ ಇರುತ್ತದೆ; ಗ್ರಂಥಋಣದ ಪಿಡಿಎಫ್ ಮಾತ್ರ ಇಳಿಸಿಕೊಳ್ಳಿ. ಎರಡೂ ಪಟ್ಟಿಯಲ್ಲಿ ಬರುವ ಹೆಸರುಗಳಿಗೆ ಗುರುತು ಹಾಕಿ ಮೊದಲು ಅವನ್ನೇ ಹುಡುಕಿ. ನಿಮ್ಮಲ್ಲಿ ಇಲ್ಲದ ಪುಸ್ತಕ ಬೇರೆ ಯಾವ ವಿಶ್ವವಿದ್ಯಾಲಯದಲ್ಲಿದೆ ಎಂದು ವಿಶ್ವವಿದ್ಯಾಲಯಗಳ ಲೈಬ್ರರಿಗಳನ್ನು ಜೋಡಿಸುವ ಇನ್‌ಫ್ಲಿಬ್‌ನೆಟ್ ಕೇಂದ್ರದ ಒಟ್ಟು ಕ್ಯಾಟಲಾಗ್ ‘ಇಂಡ್‌ಕ್ಯಾಟ್’ ಹೇಳುತ್ತದೆ. ಆ ವಿವರ ಬರೆದುಕೊಂಡು ಹೋಗಿ ಅಂತರ ಗ್ರಂಥಾಲಯ ಎರವಲು, ಅಂದರೆ ಆ ಲೈಬ್ರರಿಯಿಂದ ತರಿಸಿಕೊಡುವುದು, ಸಾಧ್ಯವೇ ಎಂದು ಗ್ರಂಥಪಾಲಕರನ್ನು ಕೇಳಿ. ‘ಪಂಚಾಯಿತಿ ಮೇಲೆ ಏನಾದರೂ ಇದೆಯಾ ಸರ್’ ಎಂದರೆ ಕಪಾಟಿನ ಕಡೆ ಕೈ ತೋರಿಸುತ್ತಾರೆ. ಹೆಸರು, ಲೇಖಕ, ವರ್ಷ ಹೇಳಿದರೆ ಎದ್ದು ಬರುತ್ತಾರೆ.

ಪಂಚಾಯತ್ ರಾಜ್ ಬಗೆಗಿನ 1957ರ ಬಲವಂತರಾಯ್ ಮೆಹ್ತಾ, 1978ರ ಅಶೋಕ್ ಮೆಹ್ತಾ ಸಮಿತಿ ವರದಿಗಳಂಥವು ಸಾಮಾನ್ಯ ಕಪಾಟಿನಲ್ಲಿ ಇರುವುದು ಅಪರೂಪ. ರೆಫರೆನ್ಸ್ ಅಥವಾ ಸರ್ಕಾರಿ ಪ್ರಕಟಣೆಗಳ ವಿಭಾಗದಲ್ಲಿ ಕೇಳಿ. ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ನೋಟ್ಸ್ ಮಾಡಬೇಕು. ಬೆಂಗಳೂರಿಗೆ ಬರಲು ಆಗುವುದಾದರೆ ನಾಗರಭಾವಿಯಲ್ಲಿರುವ ಸಾಮಾಜಿಕ, ಆರ್ಥಿಕ ಸಂಶೋಧನಾ ಸಂಸ್ಥೆ ಐಸೆಕ್‌ನ ಲೈಬ್ರರಿಗೆ ಒಂದು ದಿನ ಇಟ್ಟುಕೊಳ್ಳಿ. ವಿಭಾಗದ ಮುಖ್ಯಸ್ಥರ ಪತ್ರ, ಗುರುತಿನ ಚೀಟಿ ಜೊತೆಗಿರಲಿ, ಹೊರಡುವ ಮೊದಲು ಒಂದು ಫೋನ್ ಮಾಡಿ.