ಓದುಗರ ಪ್ರಶ್ನೆ, ನಮ್ಮ ಉತ್ತರ: ರಿಗ್ ಬಿಚ್ಚುವ ಮೊದಲು ಅಳೆದು ನೋಡಿ

ಪ್ರಶ್ನೆ: ಸಾರ್, ನನ್ನದು ಹಳೇ ಎಫ್‌ಟಿ-817ಎನ್‌ಡಿ ಹ್ಯಾಮ್ ರಿಗ್ (ರೇಡಿಯೋ ಸೆಟ್). 40 ಮೀಟರ್ ಬ್ಯಾಂಡಿನಲ್ಲಿ ಮಾತಾಡುವಾಗ ಏನೂ ತೊಂದರೆ ಇಲ್ಲ. 2 ಮೀಟರ್‌ನಲ್ಲಿ ವಿಸ್ಪರ್ (ಡಬ್ಲ್ಯುಎಸ್‌ಪಿಆರ್, ಕಡಿಮೆ ಪವರ್‌ನ ನಿಧಾನ ಡಿಜಿಟಲ್ ಸಿಗ್ನಲ್) ಹಾಕಿದರೆ ಮಾತ್ರ ಪಕ್ಕದ ಊರಿನ ಗೆಳೆಯರಿಗೂ ಡಿಕೋಡ್ ಆಗುವುದಿಲ್ಲ. ಫ್ರೀಕ್ವೆನ್ಸಿ ಜಾರುತ್ತಿದೆ ಅಂತಾರೆ. ಟಿಸಿಎಕ್ಸ್‌ಒ (ಬಿಸಿ ಏರಿಳಿದರೂ ಫ್ರೀಕ್ವೆನ್ಸಿ ಹಿಡಿದಿಡುವ ಆಸಿಲೇಟರ್) ಹಾಕಿಸಿದರೆ ಸರಿ ಹೋಗುತ್ತಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅರ್ಧ ಸರಿ ಹೋಗುತ್ತೆ. ಇನ್ನರ್ಧ ಬಿಸಿಯ ಸಮಸ್ಯೆ, ಅದನ್ನು ನೀವೇ ನೋಡಿಕೊಳ್ಳಬೇಕು.

ಈ ರಿಗ್‌ನಲ್ಲಿ 22.625 ಮೆಗಾಹರ್ಟ್ಜ್‌ನ ಒಂದು ರೆಫರೆನ್ಸ್ ಆಸಿಲೇಟರ್ ಇದೆ. ಅದು ಅಲುಗಾಡಿದರೆ ಎಲ್ಲಾ ಬ್ಯಾಂಡೂ ಅಲುಗಾಡುತ್ತೆ. ಕಂಪನಿ ಕೊಟ್ಟ ಮಾಮೂಲಿ ಯೂನಿಟ್ಟಿನ ಲೆಕ್ಕ ±4 ಪಿಪಿಎಂ (ಹತ್ತು ಲಕ್ಷಕ್ಕೆ 4 ಪಾಲು). ಅಂದರೆ 14 ಮೆಗಾಹರ್ಟ್ಜ್‌ನಲ್ಲಿ 56 ಹರ್ಟ್ಜ್, ಮಾತಾಡುವಾಗ ಕಿವಿಗೆ ಗೊತ್ತಾಗೋದೇ ಕಷ್ಟ. 144 ಮೆಗಾಹರ್ಟ್ಜ್‌ಗೆ ಹೋದರೆ ಅದೇ 576 ಹರ್ಟ್ಜ್! ಈ ರಿಗ್‌ಗೆಂದೇ ಬರುವ ಟಿಸಿಎಕ್ಸ್‌ಒ-9 ಹಾಕಿದರೆ ±0.5 ಪಿಪಿಎಂ, ಅಂದರೆ 72 ಹರ್ಟ್ಜ್ ಒಳಗೆ.

ಆದರೆ ಇಲ್ಲಿ ಎರಡು ಬೇರೆ ಬೇರೆ ತಪ್ಪುಗಳಿವೆ, ಹೆಚ್ಚಿನವರು ಎರಡನ್ನೂ ಒಂದೇ ಅಂದುಕೊಂಡು ದುಡ್ಡು ಕಳೆಯುತ್ತಾರೆ. ರಿಗ್ ಯಾವಾಗಲೂ ಡಯಲ್ ತೋರಿಸುವುದಕ್ಕಿಂತ 300 ಹರ್ಟ್ಜ್ ಮೇಲೆ ಇದ್ದರೆ ಅದು ಸ್ಥಿರವಾದ ತಪ್ಪು. ವಿಸ್ಪರ್ ಕಳಿಸುವ ಕಂಪ್ಯೂಟರ್ ಪ್ರೋಗ್ರಾಂ ಡಬ್ಲ್ಯುಎಸ್‌ಜೆಟಿ-ಎಕ್ಸ್‌ನ ಕ್ಯಾಲಿಬ್ರೇಷನ್‌ನಲ್ಲಿ ಸರಿಪಡಿಸಿಕೊಳ್ಳಬಹುದು, ಸ್ಕ್ರೂ ಬಿಚ್ಚಬೇಕಾಗಿಲ್ಲ. ನಿಮಗೆ ತೊಂದರೆ ಕೊಡುತ್ತಿರುವುದು ಜಾರುವುದು. ವಿಸ್ಪರ್ ಸಿಗ್ನಲ್‌ನ ಅಗಲವೇ ಸುಮಾರು 6 ಹರ್ಟ್ಜ್, ಒಂದು ಸಲ ಕಳಿಸಲು ಎರಡು ನಿಮಿಷಕ್ಕೆ ಸ್ವಲ್ಪ ಕಡಿಮೆ ಬೇಕು. ಅಷ್ಟರೊಳಗೆ 4 ಹರ್ಟ್ಜ್‌ಗಿಂತ ಜಾಸ್ತಿ ಜಾರಿದರೆ ಆ ಕಡೆ ಡಿಕೋಡ್ ಆಗುವುದು ಕಷ್ಟ. 2 ಮೀಟರ್‌ನಲ್ಲಿ 4 ಹರ್ಟ್ಜ್ ಅಂದರೆ 0.03 ಪಿಪಿಎಂ ಕೂಡ ಇಲ್ಲ, ನೋಡಿ.

ಹಾಗಾಗಿ ಮೊದಲು ಹೀಗೆ ಮಾಡಿ. ರಿಗ್ ಪೂರ್ತಿ ತಣ್ಣಗಿರುವಾಗ ಆನ್ ಮಾಡಿ, ಯುಎಸ್‌ಬಿ (ಅಪ್ಪರ್ ಸೈಡ್‌ಬ್ಯಾಂಡ್) ಮೋಡ್‌ನಲ್ಲಿ 9.999 ಮೆಗಾಹರ್ಟ್ಜ್‌ಗೆ ಇಡಿ. ಚೀನಾದ ಬಿಪಿಎಂ ಸ್ಟೇಷನ್ನಿನ 10 ಮೆಗಾಹರ್ಟ್ಜ್ ಸಮಯದ ಸಿಗ್ನಲ್ ಸಿಕ್ಕರೆ ಟಿಕ್ ಟಿಕ್ ಜೊತೆಗೆ 1000 ಹರ್ಟ್ಜ್ ಸುತ್ತಮುತ್ತ ಒಂದು ಸೀಟಿ ಕೇಳುತ್ತೆ. ಅದನ್ನು ಕಂಪ್ಯೂಟರಿನ ವಾಟರ್‌ಫಾಲ್‌ನಲ್ಲಿ (ಫ್ರೀಕ್ವೆನ್ಸಿಯನ್ನು ಗೆರೆಯಾಗಿ ತೋರಿಸುವ ಚಿತ್ರ) ಅರ್ಧ ಗಂಟೆ ನೋಡಿ. ಗೆರೆ ಮೊದಮೊದಲು ಬಾಗುತ್ತೆ, ಆಮೇಲೆ ನೆಟ್ಟಗಾಗುತ್ತೆ. ಈಗ ಆಂಟೆನಾ ಬದಲು ಡಮ್ಮಿ ಲೋಡ್ ಹಾಕಿ ಎರಡು ನಿಮಿಷ ಟ್ರಾನ್ಸ್‌ಮಿಟ್ ಮಾಡಿ, ತಕ್ಷಣ ಆಂಟೆನಾಗೆ ವಾಪಸ್ ಬಂದು ಗೆರೆ ನೋಡಿ. ಮತ್ತೆ ಬಾಗಿದ್ದರೆ ಫೈನಲ್‌ನ (ಪವರ್ ಕೊಡುವ ಕೊನೆಯ ಹಂತ) ಬಿಸಿ ಆಸಿಲೇಟರ್‌ಗೆ ತಾಗುತ್ತಿದೆ. ಸೀಲಿಂಗ್ ಫ್ಯಾನ್ ಹಾಕಿ, ಆರಿಸಿ, ಅದನ್ನೂ ನೋಡಿ. ಇಲ್ಲಿ ಕಂಡದ್ದು 2 ಮೀಟರ್‌ನಲ್ಲಿ 14 ಪಟ್ಟು ಅನ್ನೋದು ನೆನಪಿರಲಿ.

ಇಷ್ಟಾದ ಮೇಲೂ ಜಾರುತ್ತಿದ್ದರೆ ಟಿಸಿಎಕ್ಸ್‌ಒ ಹಾಕಿ, ಖಂಡಿತ ಉಪಯೋಗ ಇದೆ. ಮೇಲಿನ ಮುಚ್ಚಳದಲ್ಲಿ ಸ್ಪೀಕರ್ ಇರುವುದರಿಂದ ಅದರ ವೈರು ಎಳೆಯದಂತೆ ನಿಧಾನಕ್ಕೆ ಎತ್ತಿ. ಹಳೇ ಯೂನಿಟ್ ನೇರ ಮೇಲಕ್ಕೆ ಬರುತ್ತೆ, ಹೊಸದು ಅದೇ ಜಾಗದಲ್ಲಿ ಕೂರುತ್ತೆ, ಬೆಸುಗೆ ಬೇಡ. ಆಮೇಲೂ ಪವರ್ 2.5 ವಾಟ್‌ಗೆ ಇಳಿಸಿ, ಗಾಳಿ ಒಂದೇ ಸಮ ಇರಲಿ. 0.5 ಪಿಪಿಎಂ ಅನ್ನೋದು ಬಿಸಿ ಏರಿಳಿದರೂ ದಾಟದ ಮಿತಿ, ಕದಲುವುದೇ ಇಲ್ಲ ಅನ್ನೋ ಭರವಸೆ ಅಲ್ಲ. ಅಗ್ಗದ ನಕಲಿ ಮಾಡ್ಯೂಲ್ ಕೊಂಡರೆ ಇದೇ ಪರೀಕ್ಷೆ ಅದಕ್ಕೂ ಮಾಡಿ.

ಪ್ರಶ್ನೆ: ನನ್ನ ಮೈಕ್ರೋಬಿಟ್‌ಎಕ್ಸ್ ಕಿಟ್‌ಗೂ ಟಿಸಿಎಕ್ಸ್‌ಒ ಹಾಕಬಹುದಾ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮೈಸೂರು

ಉತ್ತರ: ಹಾಕಬಹುದಮ್ಮ, ಕಲಿಯೋಕೆ ಇದಕ್ಕಿಂತ ಒಳ್ಳೇ ರಿಗ್ ಇಲ್ಲ. ಇದನ್ನು ರೂಪಿಸಿದ ಹೈದರಾಬಾದಿನ ಅಶ್ಹರ್ ಫರ್ಹಾನ್ ಇದರ ಸರ್ಕ್ಯೂಟ್ ಪೂರ್ತಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಇದರಲ್ಲಿ ಬಿಎಫ್‌ಒ (ಸಿಗ್ನಲ್‌ನಿಂದ ಮಾತನ್ನು ಹೊರತೆಗೆಯಲು ಬೇಕಾದ ಆಸಿಲೇಟರ್) ಸಮೇತ ಮೂರೂ ಆಸಿಲೇಟರ್ ಎಸ್‌ಐ5351 ಚಿಪ್‌ನಿಂದಲೇ ಬರುತ್ತವೆ, ಆದ್ದರಿಂದ 25 ಮೆಗಾಹರ್ಟ್ಜ್ ಕ್ರಿಸ್ಟಲ್ ಒಂದನ್ನು ಸರಿ ಮಾಡಿದರೆ ಸಾಕು. ಕ್ರಿಸ್ಟಲ್ ತೆಗೆದು, ಕ್ಲಿಪ್ಡ್ ಸೈನ್ (ತುದಿ ಕತ್ತರಿಸಿದ ಅಲೆ) ಔಟ್‌ಪುಟ್ ಇರುವ 3.3 ವೋಲ್ಟ್ ಟಿಸಿಎಕ್ಸ್‌ಒ ತಂದು, ಸಣ್ಣ ಕೆಪಾಸಿಟರ್ ಮೂಲಕ ಆ ಚಿಪ್‌ನ ಎಕ್ಸ್‌ಎ ಪಿನ್ನಿಗೆ ಕೊಡಿ. ನಂತರ ಫರ್ಮ್‌ವೇರ್‌ನಲ್ಲಿ ಹೊಸದಾಗಿ ಕ್ಯಾಲಿಬ್ರೇಟ್ ಮಾಡಲೇಬೇಕು. ಬರೀ ಎಸ್‌ಎಸ್‌ಬಿಯಲ್ಲಿ (ಸಿಂಗಲ್ ಸೈಡ್‌ಬ್ಯಾಂಡ್) ಮಾತಾಡೋದಾದರೆ ಸುಮ್ನೆ ಕ್ಯಾಲಿಬ್ರೇಷನ್ ಸಾಕು.

ಪ್ರಶ್ನೆ: ಒಂದು ಜಂಪರ್ ಬದಲಿಸಿದರೆ ರಿಗ್ ಎಲ್ಲಾ ಫ್ರೀಕ್ವೆನ್ಸಿಯಲ್ಲೂ ಟ್ರಾನ್ಸ್‌ಮಿಟ್ ಮಾಡುತ್ತಂತೆ. ಮಾಡಿಸಲಾ?
– ಓದುಗರು, ಹುಬ್ಬಳ್ಳಿ

ಉತ್ತರ: ಬೇಡ. ನಮ್ಮ ಲೈಸೆನ್ಸ್ ಇರುವುದು ಹ್ಯಾಮ್ ಬ್ಯಾಂಡಿಗೆ ಮಾತ್ರ. 40 ಮೀಟರ್‌ನಲ್ಲಿ ನಮಗೆ 7.000ರಿಂದ 7.200, 2 ಮೀಟರ್‌ನಲ್ಲಿ 144ರಿಂದ 146 ಮೆಗಾಹರ್ಟ್ಜ್. ಜಂಪರ್ ಬದಲಾದ ಮೇಲೆ ಡಯಲ್ ಕೈತಪ್ಪಿ ತಿರುಗಿದರೂ ರಿಗ್ ನಿಮ್ಮನ್ನು ತಡೆಯುವುದಿಲ್ಲ, ಆ ಕಡೆ ಪೊಲೀಸರೋ ವಿಮಾನದವರೋ ಮಾತಾಡುತ್ತಿರಬಹುದು. ಇನ್ನೊಂದು ಮಾತು: 817ರಂಥ ರಿಗ್‌ನ ಒಳಗೆ ಬೇರೆ ಯಾವುದೇ ಕೆಲಸ ಮಾಡಿಸುವ ಮೊದಲು ಅಲೈನ್‌ಮೆಂಟ್ (ಫ್ಯಾಕ್ಟರಿ ಹೊಂದಾಣಿಕೆ) ಮೆನುವಿನ ಅಂಕಿಗಳನ್ನೆಲ್ಲ ಒಂದೊಂದಾಗಿ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅವು ಪ್ರತಿ ಸೆಟ್ಟಿಗೂ ಬೇರೆ ಬೇರೆ. ಅಳಿಸಿಹೋದರೆ ಗೆಳೆಯರ ಸೆಟ್ಟಿನಿಂದ ನಕಲು ಮಾಡಿ ಪ್ರಯೋಜನವಿಲ್ಲ.